ಸಾವಕಾರರ ಮಗ, ನೇಕಾರನ ಮಗ: ಕತೆಯೊಳಗಿನ ದ್ರೋಹ ಎಲ್ಲಿ ಶುರುವಾಗುತ್ತದೆ?

ಪ್ರಶ್ನೆ: ಸರ್, ನಾನು ಇಳಕಲ್‌ನವಳು, ಶಾಲೆಯಲ್ಲಿ ಪಾಠ ಮಾಡುತ್ತೇನೆ. ಈಚೆಗೆ ಖಾಲಿದ್ ಹುಸೇನಿ ಅವರ ಕಾಬೂಲಿನ ಕಾದಂಬರಿ ‘ದಿ ಕೈಟ್ ರನ್ನರ್’ ಓದಿದೆ. ಅದರ ಇಬ್ಬರು ಗೆಳೆಯರು, ಧಣಿಯ ಮಗ ಅಮೀರ್ ಮತ್ತು ಆಳಿನ ಮಗ ಹಸನ್, ತಲೆಯಿಂದ ಹೋಗುತ್ತಲೇ ಇಲ್ಲ. ಅದೇ ಗುಂಗಿನಲ್ಲಿ ನಮ್ಮೂರಿನದೇ ಒಂದು ಕತೆ ಬರೆದೆ, ಜೊತೆಗೆ ಕಳಿಸಿದ್ದೇನೆ. 1985ರ ಸುಮಾರಿನ ಕತೆ. ಶೇಖರ ಸೀರೆ ವ್ಯಾಪಾರದ ಸಾವಕಾರರ ಮಗ. ಹನಮಂತ ಅವರ ಹತ್ತಿರ ನೂಲು ತಗೊಂಡು ಮಜೂರಿಗೆ ನೇಯುವವನ ಮಗ. ಜೀವದ ಗೆಳೆಯರು. ಶೇಖರ ಮನೆಯಿಂದಲೇ ರೇಷ್ಮೆ ನೂಲಿನ ಲಡಿ ಕದ್ದು ಮಾರುತ್ತಾನೆ. ಇನ್ನೇನು ಸಿಕ್ಕಿಬೀಳಬೇಕು, ಹನಮಂತ ‘ನಾನೇ ತಗೊಂಡೆ’ ಅಂತ ಒಪ್ಪಿಕೊಳ್ಳುತ್ತಾನೆ. ಶೇಖರ ಬಾಯಿ ಬಿಡುವುದಿಲ್ಲ. ಮೂವತ್ತು ವರ್ಷದ ಮೇಲೆ ಬೆಂಗಳೂರಿನಿಂದ ಬಂದು ಕ್ಷಮೆ ಕೇಳುತ್ತಾನೆ, ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. ನಮ್ಮ ಓದುಗರ ಬಳಗದಲ್ಲಿ ಇದನ್ನು ಓದಿದಾಗ ಒಬ್ಬರು ‘ಅಷ್ಟು ಒಳ್ಳೆ ಹುಡುಗರು ಎಲ್ಲೂ ಇರಲ್ಲ’ ಅಂದರು. ಇನ್ನೊಬ್ಬರು ‘ಇದು ಗೆಳೆತನವೇ ಅಲ್ಲ, ಆಳುತನ’ ಅಂದರು. ನೀವೇನಂತೀರಿ?

ಉತ್ತರ: ಮೇಡಂ, ಕತೆ ಪೂರ್ತಿ ಓದಿದೆ. ನಿಮ್ಮ ಬಳಗದವರು ತೊಂದರೆ ಇರುವ ಜಾಗವನ್ನು ಸರಿಯಾಗಿಯೇ ಮುಟ್ಟಿದ್ದಾರೆ. ಆದರೆ ಹೇಳಿದ ಕಾರಣ ನನಗೆ ಒಪ್ಪಿಗೆ ಇಲ್ಲ. ಹನಮಂತ ಅತಿ ಒಳ್ಳೆಯವನಾಗಿರುವುದು ತೊಂದರೆ ಅಲ್ಲ. ಅವನ ಒಳ್ಳೆಯತನಕ್ಕೆ ನಿಮ್ಮ ಕತೆಯಲ್ಲಿ ಖರ್ಚೇ ಇಲ್ಲ. ‘ನಾನೇ ತಗೊಂಡೆ’ ಅಂದ ಮೇಲೆ ಅವನ ಮನೆಯಲ್ಲಿ ಏನಾಯ್ತು? ಮರುದಿನ ಅಪ್ಪ ಮಗ್ಗಕ್ಕೆ ಇಳಿದನಾ? ಸಾವಕಾರರು ನೂಲು ಕೊಟ್ಟರಾ? ಅವ್ವ ಮಗನ ಜೊತೆ ಮಾತಾಡಿದಳಾ? ಇದ್ಯಾವುದೂ ಇಲ್ಲ. ಒಂದು ಸಾಲು ಬಿಟ್ಟು ‘ಮೂವತ್ತು ವರ್ಷಗಳ ನಂತರ’ ಅಂತ ಬರೆದಿದ್ದೀರಿ. ಬೆಲೆಯನ್ನು ಕಾಣಿಸದೆ ನಿಷ್ಠೆಯನ್ನು ಮಾತ್ರ ಕಾಣಿಸಿದರೆ ಓದುವವರಿಗೆ ಅದು ಪಾಠದ ಪುಸ್ತಕದ ನಿಷ್ಠೆ ಅನ್ನಿಸುತ್ತದೆ.

‘ಗೆಳೆತನವೇ ಅಲ್ಲ’ ಅನ್ನುವ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ಅದು ಗೆಳೆತನವೇ. ಹತ್ತು ವರ್ಷದ ಇಬ್ಬರು ಹುಡುಗರು ಕಾರ ಹುಣ್ಣಿಮೆಯ ದಿನ ಕರಿ ಹರಿಯೋದನ್ನು ನೋಡಲು ಒಂದೇ ಗೋಡೆ ಹತ್ತಿ ಕೂತಾಗ ಅಲ್ಲಿ ಆಳೂ ಇಲ್ಲ, ಧಣಿಯೂ ಇಲ್ಲ. ಎತ್ತು ಓಡಿಬರುವಾಗ ಇಬ್ಬರ ಎದೆಯೂ ಒಂದೇ ಸಮ ಬಡಿಯುತ್ತದೆ. ಅದನ್ನು ಸುಳ್ಳು ಅನ್ನಬೇಡಿ. ಆದರೆ ಆ ಗೆಳೆತನದಲ್ಲಿ ಇಬ್ಬರೂ ಇಡುವ ಪಣ ಬೇರೆ ಬೇರೆ. ಒಬ್ಬನಿಗೆ ಆಟ, ಇನ್ನೊಬ್ಬನಿಗೆ ಆಟದ ಜೊತೆ ಅನ್ನವೂ ಇರುತ್ತದೆ. ಇಂಥ ಕತೆಯನ್ನು ಬರೆಯುವವರು ಹಿಡಿಯಬೇಕಾದ್ದು ಇಷ್ಟನ್ನೇ. ಒಂದೇ ಮಾತು, ಒಂದೇ ಆಣೆ, ಒಂದೇ ಮೌನ ಇಬ್ಬರಿಗೂ ಒಂದೇ ತೂಕದ್ದಲ್ಲ.

ಇದಕ್ಕೆ ಕಾಬೂಲಿನ ತನಕ ಹೋಗಬೇಕಿಲ್ಲ. ನಮ್ಮ ಮಹಾಭಾರತದಲ್ಲೇ ದ್ರೋಣ ಮತ್ತು ದ್ರುಪದ ಇದ್ದಾರೆ. ಬಾಲ್ಯದ ಗೆಳೆತನ ಮುರಿದ ಕತೆಗಳಲ್ಲಿ ಅದಕ್ಕಿಂತ ಖಡಕ್ಕಾದದ್ದು ನನಗೆ ಗೊತ್ತಿಲ್ಲ. ಆದರೂ ಕರ್ಣನ ಮುಂದೆ ದ್ರೋಣನ ಈ ಭಾಗವನ್ನು ನಾವು ಮರೆತೇ ಬಿಡುತ್ತೇವೆ. ದ್ರೋಣ ಭರದ್ವಾಜ ಋಷಿಯ ಮಗ. ದ್ರುಪದ ಪಾಂಚಾಲದ ರಾಜಕುಮಾರ. ಇಬ್ಬರೂ ಒಂದೇ ಆಶ್ರಮದಲ್ಲಿ ಓದಿ, ಆಡಿ ಬೆಳೆದವರು. ನಾನು ರಾಜನಾದಾಗ ನನ್ನ ರಾಜ್ಯ, ನನ್ನ ಸುಖ ಎಲ್ಲ ನಿನ್ನದೂ ಹೌದು ಅಂತ ಹುಡುಗ ದ್ರುಪದ ಮಾತು ಕೊಡುತ್ತಾನೆ. ಆಮೇಲೆ ಅವನು ರಾಜನಾಗುತ್ತಾನೆ. ಇವನು ಮದುವೆಯಾಗಿ, ಮಗ ಅಶ್ವತ್ಥಾಮ ಹುಟ್ಟಿ, ಬಡವನಾಗಿಯೇ ಉಳಿಯುತ್ತಾನೆ. ಒಂದು ದಿನ ಶ್ರೀಮಂತರ ಮಕ್ಕಳು ಹಾಲು ಕುಡಿಯೋದನ್ನು ನೋಡಿ ಅಶ್ವತ್ಥಾಮ ತನಗೂ ಬೇಕೆಂದು ಅಳುತ್ತಾನೆ. ಹುಡುಗರು ಹಿಟ್ಟನ್ನು ನೀರಿಗೆ ಕಲಸಿ ಕೊಡುತ್ತಾರೆ. ಅದನ್ನೇ ಕುಡಿದು ‘ನಾನೂ ಹಾಲು ಕುಡಿದೆ’ ಅಂತ ಆ ಮಗು ಕುಣಿಯುತ್ತದೆ. ಸುತ್ತ ನಿಂತವರು ನಗುತ್ತಾರೆ.

ದ್ರೋಣನಿಗೆ ಹಳೆಯ ಗೆಳೆಯ ನೆನಪಾಗುತ್ತಾನೆ. ಹೋಗಿ ಸಭೆಯಲ್ಲಿ ನಿಂತು ‘ನಾನು ನಿನ್ನ ಗೆಳೆಯ’ ಅನ್ನುತ್ತಾನೆ. ದ್ರುಪದ ಕೊಡುವ ಉತ್ತರ ಏನು? ರಾಜನಿಗೂ ಬಡವನಿಗೂ ಗೆಳೆತನ ಹೇಗೆ ಸಾಧ್ಯ, ಗೆಳೆತನ ಸಮಾನರ ನಡುವೆ ಮಾತ್ರ, ಆವಾಗ ಏನೋ ಇತ್ತು, ಈಗ ಇಲ್ಲ. ದ್ರುಪದನ ಜಾಗದಲ್ಲಿ ನಿಂತು ನೋಡಿ. ಅವನು ಸುಳ್ಳು ಹೇಳುತ್ತಿಲ್ಲ. ಆಶ್ರಮದಲ್ಲಿ ಆಡಿದ ಮಾತು ಅವನಿಗೆ ನಿಜಕ್ಕೂ ಹುಡುಗಾಟದ ಮಾತು. ಅಂಥ ಮಾತು ಎಷ್ಟೋ ಆಡಿರುತ್ತಾನೆ. ದ್ರೋಣನಿಗೆ ಹಾಗಲ್ಲ. ಕೈಯಲ್ಲಿ ಏನೂ ಇಲ್ಲದವನು ಆ ಒಂದು ಮಾತನ್ನು ಇಷ್ಟು ವರ್ಷ ಗಂಟು ಕಟ್ಟಿ ಇಟ್ಟುಕೊಂಡಿದ್ದಾನೆ. ಕಷ್ಟ ಬಂದ ದಿನ ಗಂಟು ಬಿಚ್ಚಿದರೆ ‘ಈ ನಾಣ್ಯ ನಡೆಯಲ್ಲ’ ಅಂದಹಾಗಾಯಿತು. ದ್ರೋಹ ಸಭೆಯಲ್ಲಿ ಆಯಿತು ಅಂತ ನಾವು ಓದುತ್ತೇವೆ. ನನ್ನ ಪ್ರಕಾರ ಅದು ಮಾತು ಕೊಟ್ಟ ದಿನವೇ ಶುರುವಾಗಿದೆ. ಕೊಟ್ಟವನಿಗೆ ಕೊಟ್ಟದ್ದು ಗೊತ್ತಿರಲಿಲ್ಲ, ತಗೊಂಡವನಿಗೆ ಗೊತ್ತಿತ್ತು.

ಮುಂದಿನದು ಇನ್ನೂ ಚೆನ್ನಾಗಿದೆ. ದ್ರೋಣ ಹಸ್ತಿನಾವತಿಗೆ ಹೋಗಿ ಕೌರವ ಪಾಂಡವರಿಗೆ ಗುರುವಾಗುತ್ತಾನೆ. ಗುರುದಕ್ಷಿಣೆಯಾಗಿ ದ್ರುಪದನನ್ನು ಹಿಡಿದು ತನ್ನಿ ಅನ್ನುತ್ತಾನೆ. ಅರ್ಜುನ ಹಿಡಿದು ತರುತ್ತಾನೆ. ಈಗ ದ್ರೋಣ ಕೊಲ್ಲಬಹುದಿತ್ತು. ಕೊಲ್ಲುವುದಿಲ್ಲ. ಅರ್ಧ ರಾಜ್ಯ ತಾನಿಟ್ಟುಕೊಂಡು ಅರ್ಧ ವಾಪಸ್ ಕೊಡುತ್ತಾನೆ. ಈಗ ನಾವು ಸಮಾನರು, ಈಗಲಾದರೂ ಗೆಳೆಯರಾಗೋಣ ಅನ್ನುತ್ತಾನೆ! ಇದು ಸೇಡಾ, ಆಸೆಯಾ? ಎರಡೂ. ಇಷ್ಟೆಲ್ಲ ಆದ ಮೇಲೂ ಅವನಿಗೆ ಬೇಕಾದದ್ದು ಆ ಗೆಳೆತನವೇ ಅನ್ನಿಸುತ್ತದೆ ನನಗೆ. ದ್ರುಪದ ಒಪ್ಪಿದ ಹಾಗೆ ಮಾಡುತ್ತಾನೆ, ಒಳಗೆ ಕುದಿಯುತ್ತಾನೆ, ಯಜ್ಞ ಮಾಡಿ ದ್ರೋಣನನ್ನು ಕೊಲ್ಲುವ ಮಗನನ್ನು ಪಡೆಯುತ್ತಾನೆ. ಆ ಮಗ ಧೃಷ್ಟದ್ಯುಮ್ನನಿಗೆ ಬಿಲ್ಲುವಿದ್ಯೆ ಕಲಿಸಿದವನು ಅದೇ ದ್ರೋಣ. ಕುರುಕ್ಷೇತ್ರದ ಹದಿನೈದನೆಯ ದಿನ ಆ ಶಿಷ್ಯನೇ ಗುರುವಿನ ತಲೆ ಕಡಿಯುತ್ತಾನೆ. ಹುಡುಗರಿಬ್ಬರು ಆಶ್ರಮದಲ್ಲಿ ಆಡಿದ ಒಂದು ಮಾತಿನಿಂದ ಇಷ್ಟು ದೂರ.

ನಿಮ್ಮ ಹನಮಂತನಿಗೆ ಇದರಿಂದ ಏನು ಸಿಗುತ್ತದೆ? ಒಂದು ಮಾತು ಸಿಗುತ್ತದೆ. ಶೇಖರ ಅವನಿಗೆ ಏನಾದರೂ ಮಾತು ಕೊಟ್ಟಿರಲಿ. ‘ನಾ ದೊಡ್ಡವನಾದ ಮ್ಯಾಲೆ ನಿಮ್ಮಪ್ಪನ ಬಾಕಿ ಪೂರಾ ಬಿಡಸ್ತೀನಿ’ ಅಂದಿರಲಿ, ಪೇರಲಹಣ್ಣು ತಿನ್ನುತ್ತಾ, ಸುಮ್ನೆ. ಮರುಗಳಿಗೆ ಅವನು ಅದನ್ನು ಮರೆಯಲಿ. ಇವನು ಮರೆಯದಿರಲಿ. ಲಡಿ ಕಳುವಾದ ದಿನ ಹನಮಂತ ಯಾಕೆ ಒಪ್ಪಿಕೊಂಡ ಅನ್ನೋದಕ್ಕೆ ಆಗ ಒಳ್ಳೆಯತನದ ಜೊತೆ ಇನ್ನೊಂದು ಕಾರಣವೂ ಇರುತ್ತದೆ. ಅದನ್ನು ನೀವು ಬಿಡಿಸಿ ಹೇಳಬೇಕಿಲ್ಲ.

ಸಮಾನರಲ್ಲದವರ ಗೆಳೆತನದಲ್ಲಿ ಪ್ರೀತಿ ಯಾವುದು, ಲೆಕ್ಕ ಯಾವುದು ಅಂತ ಬೇರೆ ಮಾಡಲಿಕ್ಕೆ ಬರುವುದಿಲ್ಲ. ಆ ಹುಡುಗನಿಗೇ ಬರುವುದಿಲ್ಲ. ಶೇಖರ ಸಿಕ್ಕಿಬಿದ್ದರೆ ಎರಡೇಟು ತಿಂದು ಒಳಗೆ ಹೋಗಿ ಊಟ ಮಾಡುತ್ತಾನೆ ಅಂತ ಹನ್ನೆರಡು ವರ್ಷದ ಹನಮಂತನಿಗೆ ಗೊತ್ತು. ಆಮೇಲೆ ‘ಜೊತೆಗೆ ಯಾರಿದ್ದರು, ಇವನಿಗೆ ಕಲಿಸಿದವರು ಯಾರು’ ಅನ್ನುವ ಮಾತು ಬರುತ್ತದೆ ಅಂತಲೂ ಗೊತ್ತು. ಅದು ಹೇಗೂ ತನ್ನ ತಲೆಗೇ ಬರುವುದು. ಹಾಗಿದ್ದರೆ ಒಪ್ಪಿಕೊಂಡು ಗೆಳೆಯನನ್ನಾದರೂ ಉಳಿಸಿಕೊಳ್ಳೋಣ ಅಂತ ಅವನಿಗೆ ಅನ್ನಿಸಿದ್ದರೆ ಅದು ತ್ಯಾಗವೂ ಹೌದು, ಜಾಣತನವೂ ಹೌದು. ‘ಅಷ್ಟು ಒಳ್ಳೆ ಹುಡುಗರು ಇರಲ್ಲ’ ಅಂದವರಿಗೆ ಈ ಹುಡುಗ ಸಿಕ್ಕರೆ ಅವರು ತಕರಾರು ಮಾಡುವುದಿಲ್ಲ.

ಇನ್ನೊಂದು ನಮ್ಮದೇ ಕಡೆಯ ಕತೆ ಇದೆ, ಇದರ ಉಲ್ಟಾ ಕತೆ. ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’. ಬೆಳಗಾವಿ ಜಿಲ್ಲೆಯ ಊರೂರಿನಲ್ಲಿ ಸಣ್ಣಾಟ ಅನ್ನುವ ಜನಪದ ನಾಟಕ ನೋಡಿದವರಿಗೆ ಹೊಸದಾಗಿ ಹೇಳಬೇಕಾದ್ದೇನಿಲ್ಲ. ಸಂಗ್ಯಾ ಹಣವಂತ. ಬಾಳ್ಯಾ ಅವನ ಬೆನ್ನಿಗಿರುವ ಗೆಳೆಯ. ಸಂಗ್ಯಾ ಇನ್ನೊಬ್ಬನ ಹೆಂಡತಿ ಗಂಗಿಯನ್ನು ಮೋಹಿಸುತ್ತಾನೆ. ಆಕೆಯ ಗಂಡ ಈರ್ಯಾನಿಗೆ ವಿಷಯ ಗೊತ್ತಾಗುತ್ತದೆ. ಕೊನೆಗೆ ಸಂಗ್ಯಾನನ್ನು ಸಾವಿನ ಜಾಗಕ್ಕೆ ಕರೆತರುವವನು ಬಾಳ್ಯಾ. ಇಲ್ಲಿ ದ್ರೋಹ ಮಾಡಿದವನು ಕೆಳಗಿನವನು. ಆಟ ಮುಗಿದ ಮೇಲೆ ಜನ ಯಾರನ್ನು ಬೈಯುತ್ತಾರೆ? ಬಾಳ್ಯಾನನ್ನೇ. ಮಂದಿಯ ಹೆಂಡತಿಯ ಹಿಂದೆ ಬಿದ್ದ ಸಂಗ್ಯಾನಿಗೆ ಕಣ್ಣೀರು, ಆಸೆಗೆ ಬಿದ್ದ ಬಾಳ್ಯಾನಿಗೆ ಶಾಪ. ಕೆಳಗಿನವನು ಕೈಕೊಟ್ಟರೆ ಅದಕ್ಕೆ ತಕ್ಷಣ ‘ದ್ರೋಹ’ ಅಂತ ಹೆಸರು ಬೀಳುತ್ತದೆ. ಮೇಲಿನವನು ಕೈಕೊಟ್ಟರೆ ‘ಹುಡುಗ ಬುದ್ಧಿ’, ‘ಹೆದರಿದ ಪಾಪ’ ಅನ್ನುತ್ತೇವೆ. ನಿಮ್ಮ ಕತೆಯಲ್ಲೂ ಶೇಖರನ ಸುಮ್ಮನಿರುವಿಕೆಗೆ ನೀವು ‘ಪುಟ್ಟ ಮನಸ್ಸು ತತ್ತರಿಸಿತು’ ಅಂತ ಬರೆದಿದ್ದೀರಿ. ಹನಮಂತನೂ ಅಷ್ಟೇ ಪುಟ್ಟವನು ಅಲ್ವಾ? ಅವನ ಮನಸ್ಸು ತತ್ತರಿಸಿದ್ದಕ್ಕೆ ಒಂದು ಸಾಲೂ ಇಲ್ಲ.

ಈಗ ನಿಮ್ಮ ಕಾಬೂಲಿಗೆ ಬರೋಣ. ಖಾಲಿದ್ ಹುಸೇನಿ ಅವರ ಆ ಕಾದಂಬರಿ ಬಂದದ್ದು 2003ರಲ್ಲಿ. ಅಮೀರ್ ಪಶ್ತೂನ್ ಶ್ರೀಮಂತನ ಮಗ, ಹಸನ್ ಅದೇ ಮನೆಯ ಆಳಿನ ಮಗ, ಹಜಾರಾ ಜನಾಂಗದವನು. 1975ರ ಚಳಿಗಾಲದ ಗಾಳಿಪಟ ಪಂದ್ಯದ ದಿನ ಹಸನ್ ತನ್ನ ಗೆಳೆಯನಿಗಾಗಿ ನೀಲಿ ಪಟ ಹಿಡಿದು ತರಲು ಓಡುತ್ತಾನೆ. ಒಂದು ಗಲ್ಲಿಯಲ್ಲಿ ಅವನ ಮೇಲೆ ದೌರ್ಜನ್ಯ ನಡೆಯುತ್ತದೆ. ಅಮೀರ್ ಮರೆಯಲ್ಲಿ ನಿಂತು ನೋಡಿ ಓಡಿಹೋಗುತ್ತಾನೆ. ಎಲ್ಲರೂ ದ್ರೋಹ ಅಂದರೆ ಈ ಗಲ್ಲಿಯನ್ನೇ ನೆನೆಯುತ್ತಾರೆ. ನನಗೆ ಇದು ಹೇಡಿತನ ಅನ್ನಿಸುತ್ತದೆ, ದ್ರೋಹ ಆಮೇಲೆ ಬರುತ್ತದೆ. ಅಮೀರ್ ತನ್ನ ಕೈಗಡಿಯಾರವನ್ನೂ ಹುಟ್ಟುಹಬ್ಬಕ್ಕೆ ಬಂದ ದುಡ್ಡನ್ನೂ ಹಸನ್‌ನ ಹಾಸಿಗೆ ಕೆಳಗೆ ತಾನೇ ಇಟ್ಟು ಕಳ್ಳತನದ ಆರೋಪ ಹೊರಿಸುತ್ತಾನೆ. ಯಾಕೆ? ಹಸನ್ ಅವನಿಗೆ ಏನೂ ಕೆಟ್ಟದ್ದು ಮಾಡಿಲ್ಲ. ಅದೇ ಕಾರಣ. ದಿನಾ ಬೆಳಗ್ಗೆ ಎದ್ದರೆ ಆ ಮುಖ ಕಾಣುತ್ತದೆ. ತಪ್ಪು ಮಾಡಿದವನಿಗೆ ತನ್ನ ತಪ್ಪಿಗಿಂತ ಜಾಸ್ತಿ ಕಷ್ಟ ಕೊಡುವುದು ಎದುರಿಗಿರುವವನ ನಿಷ್ಠೆ. ದಾಳಿಂಬೆ ಹಣ್ಣಿನ ಪ್ರಸಂಗ ನೆನಪಿದೆಯಾ? ‘ನನಗೂ ಹೊಡಿ, ತಿರುಗಿ ಹೊಡಿ’ ಅಂತ ಅಮೀರ್ ಹಣ್ಣು ಎಸೆಯುತ್ತಾನೆ. ಹಸನ್ ಒಂದು ಹಣ್ಣನ್ನು ತಗೊಂಡು ತನ್ನ ಹಣೆಗೇ ಒಡೆದುಕೊಳ್ಳುತ್ತಾನೆ. ಅವನು ತಿರುಗಿ ಹೊಡೆದಿದ್ದರೆ ಅಮೀರ್ ಬಹುಶಃ ಕೈಗಡಿಯಾರ ಇಡುತ್ತಿರಲಿಲ್ಲ.

ಕಳ್ಳತನದ ವಿಚಾರಣೆಯ ಭಾಗವನ್ನು ನೀವು ಇನ್ನೊಮ್ಮೆ ನಿಧಾನಕ್ಕೆ ಓದಬೇಕು, ಯಾಕೆಂದರೆ ನಿಮ್ಮ ಕತೆ ಅಲ್ಲಿಂದಲೇ ಹುಟ್ಟಿದೆ. ನೀನು ಕದ್ದೆಯಾ ಅಂತ ಅಮೀರ್‌ನ ಅಪ್ಪ ಕೇಳುತ್ತಾನೆ. ಹಸನ್ ಹೌದು ಅನ್ನುತ್ತಾನೆ, ಒಂದೇ ಮಾತು. ಆ ಕ್ಷಣ ಅಮೀರ್‌ಗೆ ಹೊಳೆಯುತ್ತದೆ: ಗಲ್ಲಿಯಲ್ಲಿ ತಾನು ನಿಂತು ನೋಡಿದ್ದು ಇವನಿಗೆ ಗೊತ್ತು. ಗೊತ್ತಿದ್ದೂ ಮತ್ತೆ ತನ್ನನ್ನು ಉಳಿಸುತ್ತಿದ್ದಾನೆ. ಹಾಗಾಗಿ ಆ ‘ಹೌದು’ ಬರೀ ತ್ಯಾಗ ಅಲ್ಲ. ಅದರೊಳಗೆ ‘ನನಗೆಲ್ಲ ಗೊತ್ತು’ ಅನ್ನುವುದೂ ಇದೆ. ಬೇರೆಯವರಿಗೆ ತಪ್ಪೊಪ್ಪಿಗೆಯಂತೆ ಕೇಳುವ ಮಾತು ಅಮೀರ್‌ನ ಕಿವಿಗೆ ಮಾತ್ರ ಆರೋಪದಂತೆ ಕೇಳುತ್ತದೆ. ನಿಮ್ಮ ಹನಮಂತನ ‘ನಾನೇ ತಗೊಂಡೆ’ಯಲ್ಲಿ ಈ ಎರಡನೆಯ ದನಿ ಇಲ್ಲ. ಶೇಖರ ಕದ್ದದ್ದು ಹನಮಂತನಿಗೆ ಗೊತ್ತು ಅನ್ನೋದು ಶೇಖರನಿಗೆ ಗೊತ್ತಾಗುವುದು ಯಾವಾಗ? ಒಪ್ಪಿಕೊಂಡ ಆ ಗಳಿಗೆಯಲ್ಲೇ ಗೊತ್ತಾಗಲಿ. ಇಡೀ ಪಡಸಾಲೆಯಲ್ಲಿ ಇಬ್ಬರಿಗೆ ಮಾತ್ರ.

ಕದಿಯುವುದೊಂದೇ ನಿಜವಾದ ಪಾಪ ಅಂತ ಮಗನಿಗೆ ಕಲಿಸಿದ ಅದೇ ಅಪ್ಪ ಹಸನ್‌ನನ್ನು ತಕ್ಷಣ ಕ್ಷಮಿಸಿಬಿಡುತ್ತಾನೆ. ಆದರೆ ಹಸನ್‌ನ ಅಪ್ಪ ಅಲಿ ಇರಲು ಒಪ್ಪುವುದಿಲ್ಲ. ಮಗನನ್ನು ಕರೆದುಕೊಂಡು ಮನೆ ಬಿಟ್ಟು ಹೋಗುತ್ತಾನೆ. ಧಣಿ ಕ್ಷಮಿಸಬಹುದು, ಆಳು ಉಳಿಯಲಾರ. ನನ್ನ ಲೆಕ್ಕದಲ್ಲಿ ಆ ಕಾದಂಬರಿಯಲ್ಲಿ ಎಲ್ಲರಿಗಿಂತ ದೊಡ್ಡ ಮನುಷ್ಯ ಅಲಿ. ನಿಮ್ಮ ಕತೆಯಲ್ಲಿ ಹನಮಂತನ ಅಪ್ಪ ಎಲ್ಲಿದ್ದಾನೆ? ‘ತಲೆ ತಗ್ಗಿಸಿ ನಿಂತ’ ಅನ್ನುವ ಒಂದು ಸಾಲಿನಲ್ಲಿ ಮಾತ್ರ.

ಆ ಕಾದಂಬರಿ ಬಗ್ಗೆ ನನ್ನ ಒಂದು ಅಸಮಾಧಾನವನ್ನೂ ಹೇಳಿಬಿಡುತ್ತೇನೆ. ಮುಂದೆ ಹಸನ್ ಅಮೀರ್‌ನ ಅಪ್ಪನಿಗೇ ಹುಟ್ಟಿದ ಮಗ ಅಂತ ಬಯಲಾಗುತ್ತದೆ. ಓದುವಾಗ ಎದೆ ಧಸಕ್ಕೆನ್ನುತ್ತದೆ, ನಿಜ. ಆದರೆ ಅಲ್ಲಿಂದ ಮುಂದೆ ಅಮೀರ್ ಪ್ರಾಯಶ್ಚಿತ್ತಕ್ಕೆ ಹೊರಡುವುದು ಅಣ್ಣತಮ್ಮನ ರಕ್ತಕ್ಕಾಗಿ ಅನ್ನಿಸಿಬಿಡುತ್ತದೆ. ಆಳಿನ ಮಗನಾಗಿದ್ದರೆ ಸಾಲುತ್ತಿರಲಿಲ್ಲವಾ? ನಮ್ಮಲ್ಲೂ ಎಷ್ಟೋ ಸಿನಿಮಾಗಳಲ್ಲಿ ಹೀಗೆಯೇ. ಬಡವನ ಮಗ ಒಳ್ಳೆಯವನಾಗಿದ್ದರೆ ಕೊನೆಗೆ ಅವನು ಧಣಿಯ ಮಗನೇ ಆಗಿರುತ್ತಾನೆ. ದಯವಿಟ್ಟು ಹನಮಂತನನ್ನು ಹಾಗೆ ಮಾಡಬೇಡಿ.

ಈಗ ಇಂಥ ಕತೆಗಳನ್ನು ಯಾರು ಹೇಳುತ್ತಾರೆ ಅಂತ ನೋಡಿ. ಹೆಚ್ಚಾಗಿ ದ್ರೋಹ ಮಾಡಿದವನೇ. ಅವನಿಗೆ ಅಕ್ಷರ ಬಂತು, ಅವನು ಊರು ಬಿಟ್ಟ, ಅವನಿಗೆ ಕೂತು ಬರೆಯಲು ಪುರುಸೊತ್ತು ಸಿಕ್ಕಿತು. ಅಮೀರ್ ಬರಹಗಾರನಾಗುತ್ತಾನೆ. ಹಸನ್ ಚಿಕ್ಕಂದಿನಲ್ಲಿ ಓದಲು ಬಾರದವನು, ದೊಡ್ಡವನಾದ ಮೇಲೆ ಅಕ್ಷರ ಕಲಿತು ಬರೆದ ಒಂದು ಪತ್ರ ಮಾತ್ರ ನಮಗೆ ಸಿಗುತ್ತದೆ. ಇಟಲಿಯ ಎಲೆನಾ ಫೆರಾಂಟೆ ಅವರ ನೇಪಲ್ಸ್ ಕಾದಂಬರಿಗಳಲ್ಲಿ ಈ ವಿಷಯವೇ ನಡುಮಧ್ಯದಲ್ಲಿದೆ. ಲೀಲಾ ಮತ್ತು ಕತೆ ಹೇಳುವ ಎಲೆನಾ (ಲೇಖಕಿಯ ಹೆಸರೇ ಈ ಪಾತ್ರಕ್ಕೂ) ಇಬ್ಬರೂ ಬಡವರ ಮಕ್ಕಳು. ಆದರೆ ಓದು ಮುಂದುವರಿದದ್ದು ಒಬ್ಬಳದು ಮಾತ್ರ, ಅದೂ ಕಡಿಮೆ ಚುರುಕಿನವಳದು. ಲೀಲಾ ನಂಬಿ ಕೈಗಿಟ್ಟ ನೋಟ್‌ಪುಸ್ತಕಗಳನ್ನು ಎಲೆನಾ ಸೇತುವೆ ಮೇಲಿಂದ ನದಿಗೆ ತಳ್ಳುತ್ತಾಳೆ. ತನ್ನ ಬಗ್ಗೆ ಬರೆಯಬೇಡ ಅಂತ ಗೆಳತಿ ಹೇಳಿದ್ದರೂ ಬರೆಯುತ್ತಾಳೆ. ನಾವು ಓದುವ ಪುಸ್ತಕವೇ ಒಂದು ದ್ರೋಹ. ಹೆಣ್ಣುಮಕ್ಕಳ ಗೆಳೆತನದಲ್ಲಿ ಈ ಶಾಲೆಯ ಗೆರೆ ನಮ್ಮ ಕಡೆ ಎಷ್ಟು ದಪ್ಪ ಅಂತ ಟೀಚರ್ ಆದ ನಿಮಗೆ ನಾನು ಹೇಳಬೇಕಾ? ಏಳನೆಯತ್ತೆ ಮುಗಿದ ಮೇಲೆ ಹೈಸ್ಕೂಲು ಇನ್ನೊಂದು ಊರಲ್ಲಿದ್ದರೆ ಇಬ್ಬರು ಗೆಳತಿಯರಲ್ಲಿ ಒಬ್ಬಳು ಬಸ್ಸು ಹತ್ತುತ್ತಾಳೆ, ಒಬ್ಬಳು ಮನೆಯಲ್ಲೇ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾಳೆ. ಅದು ನಿಮ್ಮ ಮುಂದಿನ ಕತೆ ಆಗಲಿ.

ಶೇಖರನೇ ಕತೆ ಹೇಳುವಂತೆ ನೀವು ಇಟ್ಟಿರುವುದು ತಪ್ಪಲ್ಲ. ಆದರೆ ತಪ್ಪಿತಸ್ಥನ ಕಣ್ಣಿಗೆ ಗೆಳೆಯ ದೇವರಂತೆ ಕಾಣುತ್ತಾನೆ. ಹನಮಂತ ನಿಮ್ಮ ಕತೆಯಲ್ಲಿ ಒಂದು ಸಲವೂ ಸಿಟ್ಟಾಗುವುದಿಲ್ಲ, ಸುಳ್ಳು ಹೇಳುವುದಿಲ್ಲ, ಆಸೆಪಡುವುದಿಲ್ಲ. ಅವನಿಗೆ ಗೆಳೆಯನನ್ನು ಬಿಟ್ಟು ಬೇರೆ ಏನಾದರೂ ಬೇಕಿರಲಿ. ಶೇಖರನ ಸೈಕಲ್ ಬೇಕಿರಲಿ. ಗೋಲಿ ಆಟದಲ್ಲಿ ಮೋಸ ಮಾಡಲಿ. ಶೇಖರ ಇಲ್ಲದಾಗ ಬೇರೆ ಹುಡುಗರ ಮುಂದೆ ಅವನ ನಡಿಗೆಯನ್ನು ಅಣಕಿಸಿ ನಗಿಸಲಿ. ಆಮೇಲೆ ಅವನು ನಿಷ್ಠೆ ತೋರಿಸಿದರೆ ಅದು ಅವನು ಆರಿಸಿಕೊಂಡ ನಿಷ್ಠೆ. ಬೇರೆ ದಾರಿಯೇ ಇಲ್ಲದವನ ನಿಷ್ಠೆಯನ್ನು ‘ಆಳುತನ’ ಅಂತ ನಿಮ್ಮ ಬಳಗದವರು ಕರೆದದ್ದು ಇದಕ್ಕೇ ಇರಬೇಕು.

ಇನ್ನು ಮೇಲಿನವನ ಕಡೆ. ಅವನು ಏನು ಕೊಟ್ಟಿದ್ದಾನೆ? ನಿಮ್ಮ ಶೇಖರ ಒಂದು ಹಳೆಯ ಅಂಗಿ, ಅರ್ಧ ಪೆನ್ಸಿಲ್ಲು, ಹಬ್ಬದ ಕರಿಗಡುಬು ಕೊಡುತ್ತಾನೆ. ಅದು ದಾನ. ದಾನಕ್ಕೆ ಯಾರೂ ಪ್ರಾಣ ಕೊಡಲ್ಲ. ಕರ್ಣ ದುರ್ಯೋಧನನಿಗೆ ಯಾಕೆ ಅಂಟಿಕೊಂಡ? ಅವರದು ಬಾಲ್ಯದ ಗೆಳೆತನ ಅಲ್ಲ, ಶಸ್ತ್ರಪರೀಕ್ಷೆಯ ದಿನ ಹುಟ್ಟಿದ್ದು. ಅಂಗರಾಜ್ಯ ಕೊಟ್ಟ, ಅದಕ್ಕೆ ಅಂತ ನಾವು ಸಾಮಾನ್ಯವಾಗಿ ಹೇಳುತ್ತೇವೆ. ಹತ್ತನೆಯ ಶತಮಾನದ ನಮ್ಮ ಪಂಪ ಇನ್ನೂ ಒಳಗೆ ಹೋಗಿ ನೋಡಿದ. ನೀನು ಪಾಂಡವರಿಗೆ ಅಣ್ಣ, ಈ ಕಡೆ ಬಾ ಅಂತ ಕೃಷ್ಣ ಕರೆದಾಗ ಪಂಪನ ಕರ್ಣ ಒಂದು ಪ್ರಸಂಗವನ್ನು ನೆನೆಯುತ್ತಾನೆ. ಭಾನುಮತಿಯ ಜೊತೆ ಅವನು ಪಗಡೆ ಆಡುತ್ತಿರುತ್ತಾನೆ. ಆಕೆ ಸೋಲುತ್ತಾಳೆ. ಪಣಕ್ಕಾಗಿ ಎಳೆದಾಡುವಾಗ ಹಾರ ಹರಿದು ಮುತ್ತು ಚೆಲ್ಲುತ್ತವೆ. ಅಷ್ಟರಲ್ಲಿ ಗಂಡ ದುರ್ಯೋಧನ ಬರುತ್ತಾನೆ. ಬೇರೆ ಯಾರಾದರೂ ಕತ್ತಿ ಹಿರಿಯುತ್ತಿದ್ದರು. ಅವನು ಮುತ್ತು ಆಯ್ದು ಕೊಡಲಾ ಅಂತ ಕೇಳುತ್ತಾನೆ. ಇಂಥವನನ್ನು ಬಿಟ್ಟು ಹೇಗೆ ಬರಲಿ ಅನ್ನುತ್ತಾನೆ ಕರ್ಣ. ರಾಜ್ಯ ಕೊಟ್ಟದ್ದು ಋಣ ಅಷ್ಟೇ. ಅನುಮಾನ ಪಡದೇ ಹೋದದ್ದು ಗೆಳೆತನ.

ಶೇಖರನಿಂದ ಹನಮಂತನಿಗೆ ಅಂಥ ಒಂದು ಗಳಿಗೆ ಸಿಗಲಿ. ನಿಮ್ಮ ಕತೆಗೆ ತೀರಾ ಬೇಕಾದದ್ದು ಇದು. ಲಡಿ ಕಳುವಾಗುವ ಒಂದು ವರ್ಷ ಮೊದಲು ಸಾವಕಾರರ ಮನೆಯಲ್ಲಿ ಇನ್ನೇನೋ ಕಾಣೆಯಾಗಲಿ. ಎಲ್ಲರೂ ಹನಮಂತನ ಕಡೆ ನೋಡಲಿ. ಶೇಖರ ಮುಂದೆ ಬಂದು ‘ಅವ ತಗೊಂಡಿಲ್ಲಪ್ಪಾ, ನನ್ನ ಜೋಡಿನ ಇದ್ದ’ ಅಂತ ಅಪ್ಪನ ಎದುರು ಹೇಳಲಿ. ಪೆಟ್ಟು ತಿನ್ನಲಿ. ಆಗ ಮುಂದಿನ ವರ್ಷದ ಅವನ ಮೌನ ಇನ್ನೂ ಕೆಟ್ಟದ್ದಾಗಿ ಕಾಣುತ್ತದೆ. ಯಾಕೆಂದರೆ ಬಾಯಿ ಬಿಡಲು ಬರುತ್ತಿತ್ತು ಅವನಿಗೆ. ಒಂದು ಸಲ ಬಿಟ್ಟಿದ್ದ.

ನಿಮ್ಮ ವಿವರಗಳ ಬಗ್ಗೆ ಒಂದೆರಡು ಮಾತು. ಮಗ್ಗದ ಮನೆ ಚೆನ್ನಾಗಿ ಬಂದಿದೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಅಪ್ಪ, ಸೆರಗಿಗೆ ಬೇಕಾದ ಕೆಂಪು ರೇಷ್ಮೆಯ ಕಂಡಿಕೆ ಸುತ್ತುವ ಅವ್ವ, ಲಾಳಿಯ ಸಪ್ಪಳಕ್ಕೆ ತಾಳ ಹಾಕುವ ಹುಡುಗ, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಸಾವಕಾರರ ಮನೆ ಮಾತ್ರ ಸಿನಿಮಾದ ಮನೆ. ಅಲ್ಲಿ ಹನಮಂತ ಎಲ್ಲಿ ತನಕ ಹೋಗಬಹುದು ಅಂತ ನೀವು ತೀರ್ಮಾನ ಮಾಡಿಲ್ಲ. ಒಂದು ಪುಟದಲ್ಲಿ ಕಟ್ಟೆ ಮೇಲಿದ್ದಾನೆ, ಇನ್ನೊಂದರಲ್ಲಿ ಅಡುಗೆಮನೆಯಲ್ಲಿ. ಶೇಖರ ಅವನ ಮನೆಗೆ ಬಂದರೆ ನೇರ ಒಲೆಯ ಮುಂದೆ ಹೋಗಿ ಕೂತು ಬಿಸಿ ರೊಟ್ಟಿ ಕೇಳುತ್ತಾನೆ. ಹನಮಂತ ಅವನ ಮನೆಗೆ ಹೋದರೆ ಹೊರಗೆ ನಿಂತು ಕೂಗುತ್ತಾನೆ. ಇಷ್ಟು ತೋರಿಸಿದರೆ ಸಾಕು, ‘ಬಡತನ-ಸಿರಿತನದ ಗೋಡೆ’ ಅನ್ನುವ ನಿಮ್ಮ ಆ ಉದ್ದನೆಯ ಪ್ಯಾರಾ ತೆಗೆದುಬಿಡಬಹುದು. ಲಡಿ ಕದ್ದ ದಿನ ಹನಮಂತ ಮೊದಲ ಸಲ ಪಡಸಾಲೆಯ ಒಳಗೆ ಬರಲಿ, ಅದೂ ಕರೆಸಿಕೊಂಡು.

ವಿಚಾರಣೆಯ ಭಾಗದಲ್ಲಿ ಸಾವಕಾರರು ಕೂಗಾಡುತ್ತಾರೆ. ಕೂಗಾಡುವ ಸಾವಕಾರ ಸುಲಭದ ಸಾವಕಾರ. ಮೆತ್ತಗೆ ಮಾತಾಡಲಿ. ಬಾಕಿ ಬರೆಯುವ ವಹಿ ಮುಂದೆ ಇರಲಿ. ‘ಹುಡುಗ ಬುದ್ಧಿ, ಹೋಗ್ಲಿ ಬಿಡು’ ಅಂತ ಹನಮಂತನ ಅಪ್ಪನಿಗೆ ಹೇಳುತ್ತಲೇ ಲಡಿಯ ಬೆಲೆಯನ್ನು ಬಾಕಿಗೆ ಸೇರಿಸಲಿ. ಅಪ್ಪ ಕೈಮುಗಿಯಲಿ. ಶೇಖರ ಅದನ್ನು ನೋಡಲಿ. ಆ ಅಂಕಿ ತೀರಲು ಎಷ್ಟು ಸೀರೆ ನೇಯಬೇಕು ಅಂತ ಹನಮಂತ ಮನಸ್ಸಿನಲ್ಲೇ ಲೆಕ್ಕ ಹಾಕಲಿ. ಶೇಖರನಿಗೆ ಆ ಲೆಕ್ಕ ಬರದಿರಲಿ. ಕತೆಯ ಬೆಲೆ ಕಾಣುವುದು ಇಲ್ಲೇ.

ಒಂದು ಸಣ್ಣ ತಿದ್ದುಪಡಿ. 1985ರಲ್ಲಿ ನಿಮ್ಮ ಪಾತ್ರಗಳು ‘ಬಾಗಲಕೋಟೆ ಜಿಲ್ಲೆ’ ಅನ್ನುವ ಹಾಗಿಲ್ಲ. ಆ ಜಿಲ್ಲೆ ಆದದ್ದು 1997ರಲ್ಲಿ. ಅಲ್ಲಿಯ ತನಕ ಇಳಕಲ್ ಇದ್ದದ್ದು ಬಿಜಾಪುರ ಜಿಲ್ಲೆಯಲ್ಲಿ. ‘ವಿಜಯಪುರ’ ಅಂತ ಅಧಿಕೃತ ಹೆಸರು ಬಂದದ್ದು 2014ರಲ್ಲಿ. ಓದುವವರು ಇಂಥದ್ದನ್ನು ಹಿಡಿಯುತ್ತಾರೆ, ಹಿಡಿದ ಮೇಲೆ ಉಳಿದದ್ದನ್ನೂ ನಂಬಲ್ಲ.

ಕೊನೆಯ ಭಾಗ. ತಬ್ಬಿಕೊಂಡು ಅಳುವುದು ಬೇಡ. ಶೇಖರ ಮೂವತ್ತು ವರ್ಷ ಹೊತ್ತ ಭಾರವನ್ನು ಇಳಿಸಿಕೊಳ್ಳಲು ಬಂದಿದ್ದಾನೆ, ಅದನ್ನು ಇಳಿಸಿಕೊಡುವ ಕೆಲಸ ಮತ್ತೆ ಹನಮಂತನದೇ ಆಯಿತಲ್ಲ! ಚಿಕ್ಕಂದಿನಲ್ಲಿ ತಪ್ಪು ಹೊತ್ತ, ಈಗ ಕ್ಷಮೆ ಕೊಡಬೇಕು. ಹುಸೇನಿ ಇಲ್ಲಿ ಸುಲಭದ ದಾರಿ ಹಿಡಿಯಲಿಲ್ಲ. ಅಮೀರ್‌ಗೆ ಕರೆ ಬರುವ ಹೊತ್ತಿಗೆ ಹಸನ್ ಬದುಕಿಲ್ಲ. ಕ್ಷಮೆ ಕೇಳಲು ಆಳೇ ಇಲ್ಲ. ಉಳಿದಿರುವುದು ಅವನ ಮಗ ಸೊಹ್ರಾಬ್. ಆ ಹುಡುಗ ಸುಲಭಕ್ಕೆ ನಗುವುದೂ ಇಲ್ಲ.

ನಿಮ್ಮ ಹನಮಂತ ಬದುಕಿರಲಿ. ಮಗ್ಗ ಬಿಟ್ಟಿದ್ದಾನೆ ಅಂತ ಬರೆದಿದ್ದೀರಿ, ಸರಿ. ಶೇಖರ ಬಂದು ‘ಅವತ್ತು ಲಡಿ ತಗೊಂಡಿದ್ದು ನಾನು’ ಅಂದಾಗ ಹನಮಂತ ‘ಗೊತ್ತೈತಿ’ ಅನ್ನಲಿ. ಚಹಾ ಕೊಡಲಿ. ದುಡ್ಡಿನ ಲಕೋಟೆಯನ್ನು ತಗೊಳ್ಳಲಿ ಕೂಡ, ಬೇಡ ಅನ್ನುವ ದೊಡ್ಡತನ ಅವನಿಗೆ ಯಾಕೆ? ಬಾಕಿ ತೀರಿಸಿದವನು ಅವನು, ಅದು ಅವನ ದುಡ್ಡು. ಆಮೇಲೆ ಒಂದೇ ಒಂದು ಕೇಳಲಿ. ಅವ್ವ ಇನ್ನೂ ಇದ್ದಾಳೆ, ಕಿವಿ ಮಂದ ಆಗಿದೆ, ಮಗ ಕಳ್ಳತನ ಮಾಡಿದ್ದ ಅಂತಲೇ ಇಷ್ಟು ವರ್ಷ ನಂಬಿದ್ದಾಳೆ. ‘ಇದನ್ನ ನಮ್ಮವ್ವಗ ಹೇಳು. ಜೋರಾಗಿ ಹೇಳಬೇಕು, ಕೇಳಸೂದಿಲ್ಲ ಆಕೀಗೆ.’ ಓಣಿಯ ಮನೆ, ಬಾಗಿಲು ತೆರೆದಿದೆ, ಪಕ್ಕದ ಕಟ್ಟೆಯಲ್ಲಿ ಜನ ಕೂತಿದ್ದಾರೆ. ಶೇಖರ ಕೂಗಿ ಹೇಳುತ್ತಾನೋ, ಇಲ್ಲ ನಾಳೆ ಬರುತ್ತೇನೆ ಅಂತ ಏಳುತ್ತಾನೋ, ಅದನ್ನು ನೀವೇ ತೀರ್ಮಾನಿಸಿ. ನನಗೆ ಕೇಳಿದರೆ ಅವನು ಇನ್ನೂ ಅಷ್ಟು ಬದಲಾಗಿಲ್ಲ. ಆದರೆ ಕತೆ ನಿಮ್ಮದು. ತಿದ್ದಿ ಬರೆದ ಮೇಲೆ ವಿಚಾರಣೆಯ ಭಾಗ ಮತ್ತು ಕೊನೆಯ ಭಾಗ, ಎರಡನ್ನು ಮಾತ್ರ ಕಳಿಸಿದರೆ ಸಾಕು, ಓದುತ್ತೇನೆ.